ವಾಂಟೇಜ್ ರೋಡಿನವರು ಓವಲ್‌ಗೆ ಹೊರಟಿದ್ದಾರೆ

ನಾರ್ಥಾಂಪ್ಟನ್ ರೈಲು ನಿಲ್ದಾಣದಿಂದ ಕೌಂಟಿ ಕ್ರಿಕೆಟ್ ಮೈದಾನಕ್ಕೆ ನಡೆದೇ ಹೋಗಬಹುದು. ಊರ ನಡುವಿನ ಮಾರ್ಕೆಟ್ ಚೌಕ ದಾಟಿ ವೆಲಿಂಗ್‌ಬರೋ ರಸ್ತೆ ಹಿಡಿದು ಪೂರ್ವಕ್ಕೆ ಹೆಜ್ಜೆ ಹಾಕಿದರೆ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ದಾರಿಯುದ್ದಕ್ಕೂ ಕ್ಷೌರದಂಗಡಿ, ಕಬಾಬ್ ಅಂಗಡಿ, ಪೂರ್ವ ಯುರೋಪಿನವರ ದಿನಸಿ ಅಂಗಡಿ, ಕರಿಬೇವು ಸಿಗುವ ನಮ್ಮ ಕಡೆಯವರ ಅಂಗಡಿ. ಎಲ್ಲೋ ಒಂದು ಕಡೆ ಎಡಕ್ಕೆ ತಿರುಗಿದರೆ ಕೆಂಪು ಇಟ್ಟಿಗೆಯ ಸಾಲುಮನೆಗಳು, ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಬಾಗಿಲ ಮುಂದೆ ಕಸದ ಡಬ್ಬಿ, ರಸ್ತೆ ಮೇಲೆ ಸಾಲಾಗಿ ನಿಂತ ಹಳೇ ಕಾರು. ಇಲ್ಲೊಂದು ಕ್ರಿಕೆಟ್ ಮೈದಾನ ಇದೆ ಅಂತ ಮೊದಲ ಸಲ ಬಂದವರಿಗೆ ಅನ್ನಿಸೋದೇ ಇಲ್ಲ. ತಲೆ ಎತ್ತಿದಾಗ ಹೆಂಚಿನ ಮೇಲಿಂದ ಫ್ಲಡ್‌ಲೈಟ್ ಕಂಬ ಇಣುಕುತ್ತೆ. ಅದೇ ವಾಂಟೇಜ್ ರೋಡ್.

ಒಳಗೆ ಹೋದರೆ ಇನ್ನೂ ಚಿಕ್ಕದು. ಆರೇಳು ಸಾವಿರ ಜನ ಕೂತರೆ ತುಂಬಿಹೋಗುವ ಜಾಗ. ಸುತ್ತಲಿನ ಕೆಲವು ಮನೆಗಳ ಮಹಡಿ ಕಿಟಕಿಯಿಂದ ಪುಕ್ಕಟೆ ಆಟ ಕಾಣುತ್ತೆ. ಒಂದು ಬದಿ ವಿಚಿತ್ರವಾಗಿ ಬಯಲು ಬಯಲಾಗಿದೆ. ಅದಕ್ಕೆ ಕಾರಣ ಉಂಟು. 1897ರಿಂದ 1994ರ ತನಕ ಊರಿನ ಫುಟ್‌ಬಾಲ್ ತಂಡವೂ ಇಲ್ಲೇ ಆಡುತ್ತಿತ್ತು. ಫುಟ್‌ಬಾಲ್ ಅಂಕಣಕ್ಕೆ ಮೂರೇ ಬದಿ ಗ್ಯಾಲರಿ, ನಾಲ್ಕನೇ ಬದಿ ಕ್ರಿಕೆಟಿನವರಿಗೆ ಬಿಟ್ಟಿದ್ದು. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಅಡುಗೆಮನೆ ಹಂಚಿಕೊಂಡ ಹಾಗೆ ನೂರು ವರ್ಷ ಸಂಸಾರ ಮಾಡಿ, ಆಮೇಲೆ ಫುಟ್‌ಬಾಲಿನವರು ಊರಾಚೆ ಸಿಕ್ಸ್‌ಫೀಲ್ಡ್ಸ್‌ಗೆ ಹೋದರು. ಅವರಿಗೆ ಈ ಊರಲ್ಲಿ ಇರುವ ಅಡ್ಡಹೆಸರು 'ಕಾಬ್ಲರ್ಸ್', ಅಂದರೆ ಚಪ್ಪಲಿ ಹೊಲಿಯುವವರು. ಬೈಗುಳ ಅಲ್ಲ, ಹೆಮ್ಮೆ.

ಯಾಕೆಂದರೆ ಇದು ಜೋಡಿನ ಊರು. 1642ರಲ್ಲಿ ಸೈನ್ಯಕ್ಕೆ ಇಲ್ಲಿಂದ ಬೂಟು ಹೋಗಿತ್ತು, ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಜೊತೆ ಹೋದವು. ಮೈದಾನದ ಸುತ್ತಲಿನ ಬೀದಿಗಳಲ್ಲಿ ಈಗ ಫ್ಲ್ಯಾಟ್ ಆಗಿರುವ ಎಷ್ಟೋ ಕಟ್ಟಡಗಳು ಒಂದು ಕಾಲಕ್ಕೆ ಜೋಡಿನ ಕಾರ್ಖಾನೆಗಳು. ಈಗಲೂ ಕೆಲವು ಉಳಿದಿವೆ, ಒಂದು ಜೊತೆಗೆ ನಮ್ಮ ವಾರದ ಸಂಬಳ ಕೇಳುವಂಥವು. ಬಾಕಿ ಕೆಲಸವೆಲ್ಲ ಎಂ1 ಹೆದ್ದಾರಿ ಬದಿಯ ಗೋದಾಮುಗಳಿಗೆ ಹೋಯಿತು. ಬ್ರ್ಯಾಕ್‌ಮಿಲ್ಸ್, ಸ್ವಾನ್ ವ್ಯಾಲಿ, ಆ ಕಡೆ ಡ್ಯಾವೆಂಟ್ರಿ. ನಮ್ಮವರು ಬಹಳಷ್ಟು ಜನ ಇರುವುದು ಅಲ್ಲೇ. ಸ್ಕ್ಯಾನರ್ ಹಿಡಿದು ರಾತ್ರಿಯಿಡೀ ನಡೆದು ಬೆಳಿಗ್ಗೆ ಆರಕ್ಕೆ ಬಸ್ ಹತ್ತಿದರೆ ಕಣ್ಣಿಗೆ ಮೊದಲು ಬೀಳುವುದು ಊರ ಪಶ್ಚಿಮಕ್ಕಿರುವ ಲಿಫ್ಟ್ ಗೋಪುರ. ಲಿಫ್ಟ್ ತಯಾರಿಸುತ್ತಿದ್ದ ಕಂಪನಿ ಅವುಗಳ ಪರೀಕ್ಷೆಗೆ ಅಂತ ಕಟ್ಟಿದ 127 ಮೀಟರ್ ಎತ್ತರದ ಕಾಂಕ್ರೀಟ್ ಕಂಬ ಅದು. ಜನ 'ನಾರ್ಥಾಂಪ್ಟನ್ ದೀಪಸ್ತಂಭ' ಅಂತ ತಮಾಷೆ ಮಾಡ್ತಾರೆ. ಸಮುದ್ರಕ್ಕೆ ಇಷ್ಟು ದೂರ ಇರುವ ಊರು ಇಂಗ್ಲೆಂಡಿನಲ್ಲಿ ಕಮ್ಮಿ.

ಇಷ್ಟು ಹೇಳಿದ್ದು ಯಾಕೆಂದರೆ, ಈ ತಿಂಗಳ 3ನೇ ತಾರೀಕು, ಬುಧವಾರ ಸಂಜೆ, ಈ ಸಾಲುಮನೆಗಳ ನಡುವಿನ ತಂಡ ಲಂಡನ್ನಿನ ಓವಲ್‌ನಲ್ಲಿ ಸರ್ರೆ ಎದುರು ಟಿ20 ಬ್ಲಾಸ್ಟ್ ಕ್ವಾರ್ಟರ್‌ಫೈನಲ್ ಆಡಲಿದೆ. ಗೆದ್ದರೆ 13ನೇ ತಾರೀಕು ಶನಿವಾರ ಬರ್ಮಿಂಗ್‌ಹ್ಯಾಮಿನ ಎಜ್‌ಬ್ಯಾಸ್ಟನ್‌ನಲ್ಲಿ ಫೈನಲ್ಸ್ ಡೇ. ಎರಡು ಸೆಮಿಫೈನಲ್, ಒಂದು ಫೈನಲ್, ಎಲ್ಲಾ ಒಂದೇ ದಿನ, ಬೆಳಿಗ್ಗೆಯಿಂದ ರಾತ್ರಿವರೆಗೆ, ನಮ್ಮೂರ ಜಾತ್ರೆ ಇದ್ದ ಹಾಗೆ. ಸೋತರೆ ಅಲ್ಲಿಗೆ ಮುಗೀತು. ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಕೆಲವರಿಗೆ ಫಲಿತಾಂಶ ಗೊತ್ತಾಗಿರಲೂಬಹುದು. ಆದರೂ ಇದನ್ನು ಮುಂಚೆಯೇ ಬರೆಯೋಣ ಅನ್ನಿಸಿತು. ಸೋತ ಮೇಲೆ ಬರೆದರೆ ಸಮಾಧಾನದ ಮಾತಾಗುತ್ತೆ, ಗೆದ್ದ ಮೇಲೆ ಬರೆದರೆ ಎಲ್ಲರೂ ಮೊದಲೇ ಹೇಳಿದ್ದೆವು ಅಂತಾರೆ.

ಬ್ಲಾಸ್ಟ್ ಬಗ್ಗೆ ಹೊಸಬರಿಗೆ ಸ್ವಲ್ಪ ಹೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವೃತ್ತಿಪರ ಕ್ರಿಕೆಟ್ ಆಡುವ ಕೌಂಟಿಗಳು 18. ಈ ವರ್ಷದವರೆಗೆ ಉತ್ತರ, ದಕ್ಷಿಣ ಅಂತ ಎರಡು ಗುಂಪು, ಗುಂಪಿಗೆ ಒಂಬತ್ತು ತಂಡ, ಪ್ರತಿ ತಂಡಕ್ಕೆ 14 ಪಂದ್ಯ. ಗುಂಪಿನ ಮೊದಲ ನಾಲ್ವರಿಗೆ ಕ್ವಾರ್ಟರ್‌ಫೈನಲ್. ಮೊದಲ ಎರಡು ಸ್ಥಾನದವರಿಗೆ ತವರಿನಲ್ಲಿ ಆಡುವ ಭಾಗ್ಯ, ಉಳಿದವರು ಗಂಟುಮೂಟೆ ಕಟ್ಟಬೇಕು. ನಮ್ಮವರು ಗಂಟುಮೂಟೆ ಕಟ್ಟುವವರ ಸಾಲಿನಲ್ಲಿದ್ದಾರೆ. ಹೋದ ವರ್ಷ ವಾಂಟೇಜ್ ರೋಡಿನಲ್ಲೇ ಕ್ವಾರ್ಟರ್‌ಫೈನಲ್ ಸಿಕ್ಕಿತ್ತು, ಸಾಮರ್‌ಸೆಟ್‌ಗೆ ಸೋತರು. ಮನೆಯಲ್ಲಿ ಆಗದ್ದು ಹೊರಗೆ ಆಗುತ್ತಾ ಅಂತ ಕೇಳಬಹುದು. ಕೇಳುವವರು ಇದ್ದಾರೆ.

ಇನ್ನೊಂದು ವಿಚಿತ್ರ. ಗುಂಪಿನ ಪಂದ್ಯಗಳು ಜುಲೈನಲ್ಲೇ ಮುಗಿದವು. ಕ್ವಾರ್ಟರ್‌ಫೈನಲ್ ಸೆಪ್ಟೆಂಬರಿಗೆ. ನಡುವೆ ಆಗಸ್ಟ್ ಪೂರ್ತಿ 'ದಿ ಹಂಡ್ರೆಡ್'. ಬೇಸಿಗೆ ರಜೆ, ಒಳ್ಳೆ ಬಿಸಿಲು, ಮಕ್ಕಳ ಕೈ ಹಿಡಿದು ಜನ ಬರುವ ಕಾಲ, ಆ ತಿಂಗಳನ್ನು ಎಂಟು ದೊಡ್ಡ ಮೈದಾನಗಳಿಗೆ ಬರೆದುಕೊಟ್ಟಿದ್ದಾರೆ. ಓವಲ್ ಅದರಲ್ಲೊಂದು, ನಾರ್ಥಾಂಪ್ಟನ್ ಅಲ್ಲ. ಆ ದಿನಗಳಲ್ಲಿ ಇಲ್ಲಿ ಏಕದಿನ ಕಪ್ಪಿನ ಪಂದ್ಯಗಳು ಮಾತ್ರ. ಒಳ್ಳೆಯ ಆಟಗಾರರು ಹಂಡ್ರೆಡ್‌ಗೆ ಹೋಗಿರುತ್ತಾರೆ, ಮೀಸೆ ಚಿಗುರುತ್ತಿರುವ ಹುಡುಗರು ಇಲ್ಲಿ ಆಡುತ್ತಿರುತ್ತಾರೆ. ನನಗೇನೋ ಆ ಪಂದ್ಯಗಳು ಇಷ್ಟವೇ. ಬುಧವಾರ ಮಧ್ಯಾಹ್ನ ನೈಟ್ ಶಿಫ್ಟಿಗೆ ಮುಂಚೆ ಹೋಗಿ ಹುಲ್ಲು ನೋಡುತ್ತಾ ಕೂತರೆ ಅರ್ಧ ನಿದ್ದೆ ಅಲ್ಲೇ ಆಗುತ್ತೆ. ಆದರೆ ಟಿಕೆಟ್ ದುಡ್ಡು ಬರುವುದು ಶುಕ್ರವಾರ ಸಂಜೆಯ ಟಿ20ಯಿಂದ. ಮುಂದಿನ ವರ್ಷದಿಂದ ಗುಂಪಿನ ಪಂದ್ಯಗಳು 14ರಿಂದ 12ಕ್ಕೆ ಇಳಿಯುತ್ತವೆ. ಅಂದರೆ ತವರಿನಲ್ಲಿ ಏಳರ ಬದಲು ಆರು ಸಂಜೆ. ಓವಲ್‌ನವರಿಗೆ ಒಂದು ಸಂಜೆ ಹೋದರೆ ಟೆಸ್ಟ್ ಪಂದ್ಯ ಇದೆ, ಹಂಡ್ರೆಡ್ ಇದೆ. ಇಲ್ಲಿ ಒಂದು ಶುಕ್ರವಾರ ಹೋದರೆ ಬಿಯರ್ ಮಾರುವವನಿಂದ ಹಿಡಿದು ಗೇಟಿನ ಹುಡುಗನವರೆಗೆ ಲೆಕ್ಕ ಏರುಪೇರಾಗುತ್ತೆ. ಹದಿನೆಂಟು ಕೌಂಟಿ ಬೇಕಾ ಅನ್ನುವ ಮಾತು ಈ ದೇಶದಲ್ಲಿ ಆಗಾಗ ಏಳುತ್ತೆ. ಎದ್ದಾಗಲೆಲ್ಲ ಬೆರಳು ಮೊದಲು ತೋರುವುದು ಇಂಥ ಊರುಗಳ ಕಡೆಗೇ. ಅದಕ್ಕೇ ಒಂದು ಕ್ವಾರ್ಟರ್‌ಫೈನಲ್ ಇಲ್ಲಿಯವರಿಗೆ ಬರೀ ಪಂದ್ಯ ಅಲ್ಲ, ನಾವೂ ಇದ್ದೀವಿ ಅಂತ ಹಾಜರಿ ಹಾಕುವ ದಿನ.

ಸೋಲುವುದು ಈ ತಂಡಕ್ಕೆ ಹೊಸದೇನಲ್ಲ. 1905ರಲ್ಲಿ ಚಾಂಪಿಯನ್‌ಶಿಪ್‌ಗೆ ಸೇರಿದವರು, ಇವತ್ತಿನವರೆಗೆ ಒಮ್ಮೆಯೂ ಅದನ್ನು ಗೆದ್ದಿಲ್ಲ. 1907ರಲ್ಲಿ ಗ್ಲಾಸ್ಟರ್‌ನಲ್ಲಿ ಬರೀ 12 ರನ್ನಿಗೆ ಎಲ್ಲರೂ ಔಟ್. ಇಡೀ ತಂಡ, ಹನ್ನೆರಡು! ಜಾರ್ಜ್ ಡೆನೆಟ್ ಅನ್ನುವ ಎಡಗೈ ಸ್ಪಿನ್ನರ್ 9 ರನ್ ಕೊಟ್ಟು 8 ವಿಕೆಟ್ ಕಿತ್ತ. ತಮಾಷೆ ಅಂದರೆ ಆ ಪಂದ್ಯ ಸೋಲಲಿಲ್ಲ, ಮಳೆ ಬಂದು ಡ್ರಾ ಆಯಿತು. ಇನ್ನೊಂದು ದಾಖಲೆ ಇದಕ್ಕಿಂತ ಘೋರ. 1935ರ ಮೇ ತಿಂಗಳಿಂದ 1939ರ ಮೇ ತಿಂಗಳವರೆಗೆ ಚಾಂಪಿಯನ್‌ಶಿಪ್‌ನಲ್ಲಿ ಒಂದೂ ಗೆಲುವಿಲ್ಲ. ನಾಲ್ಕು ವರ್ಷ, 99 ಪಂದ್ಯ. ಕೊನೆಗೆ ಲೆಸ್ಟರ್‌ಷೈರ್ ವಿರುದ್ಧ ಇದೇ ಮೈದಾನದಲ್ಲಿ ಗೆದ್ದರು. ಆ ನಾಲ್ಕು ವರ್ಷವೂ ಜೋಡಿನ ಕಾರ್ಖಾನೆ ಬಿಟ್ಟ ಮೇಲೆ ಇಲ್ಲಿಗೆ ಬಂದು ಕೂತವರು ಇದ್ದರಲ್ಲ, ಅವರ ಬಗ್ಗೆ ನನಗೆ ಯಾವಾಗಲೂ ಕುತೂಹಲ. ತೊಂಬತ್ತೆಂಟನೇ ಪಂದ್ಯಕ್ಕೆ ಟಿಕೆಟ್ ತಗೊಂಡವನ ತಲೆಯಲ್ಲಿ ಏನಿತ್ತು?

ತಂಡದ ಅಡ್ಡಹೆಸರು ಸ್ಟೀಲ್‌ಬ್ಯಾಕ್ಸ್. ಇಲ್ಲಿಯ ರೆಜಿಮೆಂಟಿನ ಸಿಪಾಯಿಗಳು ಚಾಟಿಯೇಟು ಬಿದ್ದರೂ ತುಟಿ ಪಿಟಕ್ ಅನ್ನುತ್ತಿರಲಿಲ್ಲವಂತೆ, ಉಕ್ಕಿನ ಬೆನ್ನಿನವರು ಅಂತ ಹೆಸರು ಬಂತು. ಹೆಸರು ಹುಡುಕಿ ಇಟ್ಟವರಿಗೆ ತಂಡದ ಚರಿತ್ರೆ ಚೆನ್ನಾಗಿ ಗೊತ್ತಿತ್ತು ಅನ್ನಿ.

ಆದರೆ ನಾಕೌಟ್ ಬಂದರೆ ಇವರ ಕಥೆ ಬೇರೆ. ಐದು ದೊಡ್ಡ ಕಪ್ಪು ಬಂದಿದ್ದೂ ಅದರಿಂದಲೇ. 1976ರ ಜಿಲೆಟ್ ಕಪ್ ಮೊದಲನೆಯದು. ಲಾರ್ಡ್ಸ್‌ನಲ್ಲಿ ಲ್ಯಾಂಕಷೈರ್ ವಿರುದ್ಧ ಫೈನಲ್. ನಾಯಕ ಪಾಕಿಸ್ತಾನದ ಮುಷ್ತಾಕ್ ಮೊಹಮ್ಮದ್, ತಂಡದಲ್ಲಿ ಪಾಕಿಸ್ತಾನದ ಸರ್ಫರಾಜ್ ನವಾಜ್, ನಮ್ಮ ಬಿಷನ್ ಸಿಂಗ್ ಬೇಡಿ. ಲ್ಯಾಂಕಷೈರ್ ಇನ್ನಿಂಗ್ಸಿನ ಕೊನೆಯ ಓವರ್ ಬೇಡಿ ಹಾಕಿದರು, ಡೇವಿಡ್ ಹ್ಯೂಸ್ 26 ರನ್ ಚಚ್ಚಿದ. ಬೇರೆ ಯಾವ ತಂಡವಾದರೂ ಅಲ್ಲೇ ಕುಸಿದು ಕೂರುತ್ತಿತ್ತು. ಇವರು ನಾಲ್ಕು ವಿಕೆಟ್‌ಗಳಿಂದ ಗೆದ್ದರು. ಆಮೇಲೆ 1980ರಲ್ಲಿ ಎಸೆಕ್ಸ್ ವಿರುದ್ಧ ಆರು ರನ್ನಿನಿಂದ ಬೆನ್ಸನ್ ಅಂಡ್ ಹೆಜಸ್ ಕಪ್, 1992ರಲ್ಲಿ ನ್ಯಾಟ್‌ವೆಸ್ಟ್ ಟ್ರೋಫಿ, 2013 ಮತ್ತು 2016ರಲ್ಲಿ ಟಿ20. 2016ರ ತಂಡವನ್ನು ಇಲ್ಲಿಯವರು ಈಗಲೂ ನೆನೆಸಿಕೊಂಡು ನಗುತ್ತಾರೆ. ಕ್ಲಬ್ಬಿಗೆ ದುಡ್ಡಿನ ತತ್ವಾರ, ಆಟಗಾರರು ಬೆರಳೆಣಿಕೆ, ಅದರಲ್ಲಿ ರಿಚರ್ಡ್ ಲೆವಿ, ರೋರಿ ಕ್ಲೈನ್‌ವೆಲ್ಟ್ ಥರದವರು ಓಡುವುದಕ್ಕಿಂತ ಹೊಡೆಯುವುದೇ ಸುಲಭ ಅನ್ನುವ ಮೈಕಟ್ಟಿನವರು. ಫೈನಲ್‌ನಲ್ಲಿ ಜೋಶ್ ಕಾಬ್ 80 ಹೊಡೆದ, ಡರಮ್ ಸೋತಿತು. ದಪ್ಪ ಮೈಯವರನ್ನು ಪ್ರೀತಿಸುವುದು ಈ ಊರಿಗೆ ಹಳೇ ರೂಢಿ. ಅರವತ್ತರ ದಶಕದ ಅವರ ಕಣ್ಮಣಿ ಕಾಲಿನ್ ಮಿಲ್ಬರ್ನ್ ಕೂಡ ಹಾಗೇ ಇದ್ದ. 1969ರಲ್ಲಿ ಕಾರು ಅಪಘಾತದಲ್ಲಿ ಎಡಗಣ್ಣು ಹೋಯಿತು. ಅವನ ಹೆಸರು ಎತ್ತಿದರೆ ಇಲ್ಲಿಯ ಮುದುಕರು ಇವತ್ತಿಗೂ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ.

ಈಗ ನಮ್ಮವರ ವಿಷಯಕ್ಕೆ ಬರ್ತೀನಿ. 1995ರ ಬೇಸಿಗೆ. ಅನಿಲ್ ಕುಂಬ್ಳೆ ಬೆಂಗಳೂರಿಂದ ಬಂದು ಒಂದು ಸೀಸನ್ ಇಲ್ಲಿ ಆಡಿದರು. 105 ವಿಕೆಟ್! ಬಟ್ಟೆ ಒಣಗದ ಈ ದೇಶದ ಹವೆಯಲ್ಲಿ, ಸ್ಪಿನ್ ಬೌಲರ್ ಒಬ್ಬ ಒಂದೇ ಬೇಸಿಗೆಯಲ್ಲಿ ನೂರು ದಾಟುವುದು ಅಂದರೆ ಏನು ಅಂತ ಕ್ರಿಕೆಟ್ ಗೊತ್ತಿದ್ದವರಿಗೆ ಗೊತ್ತು. ಅಲನ್ ಲ್ಯಾಂಬ್ ನಾಯಕತ್ವದ ಆ ತಂಡ ಚಾಂಪಿಯನ್‌ಶಿಪ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು, ನ್ಯಾಟ್‌ವೆಸ್ಟ್ ಫೈನಲ್‌ಗೂ ಹೋಯಿತು. ಲಾರ್ಡ್ಸ್‌ನಲ್ಲಿ ವಾರ್ವಿಕ್‌ಷೈರ್ ಎದುರು ಸೋತರು. ಅದೂ ಸೆಪ್ಟೆಂಬರಿನ ಮೊದಲ ವಾರವೇ, ಸರಿಯಾಗಿ 30 ವರ್ಷದ ಹಿಂದೆ. ಮೈದಾನದಲ್ಲಿ ನನ್ನ ಪಕ್ಕ ಯಾವಾಗಲೂ ಫ್ಲಾಸ್ಕ್ ಹಿಡಿದು ಕೂರುವ ಹಿರಿಯರೊಬ್ಬರಿದ್ದಾರೆ, ಜೋಡಿನ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುವ ಕೆಲಸ ಮಾಡಿ ನಿವೃತ್ತರಾದವರು. ನಾನು ಬೆಂಗಳೂರು ರಾಜ್ಯದವನು ಅಂದಾಗ ಅವರ ಬಾಯಿಂದ ಮೊದಲು ಬಂದದ್ದು ಐಟಿ ಅಲ್ಲ, 'ಕುಂಬ್ಳಿ'. ಕೈ ತಿರುಗಿಸಿ ಆ ಚೆಂಡು ಹೇಗೆ ಸೊರ್ ಅಂತ ನೇರ ಬರುತ್ತಿತ್ತು ಅಂತ ತೋರಿಸಿದರು. ಆವತ್ತಿಂದ ನನಗೆ ಅವರ ಪಕ್ಕದ ಕುರ್ಚಿ ಖಾಯಂ.

ಕುಂಬ್ಳೆ ಆದ ಮೇಲೆ ಕರುಣ್ ನಾಯರ್. ಇವರ ಕಥೆ ನಿಮಗೆಲ್ಲ ಗೊತ್ತು. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ನಂತರ ಮೂರೇ ಟೆಸ್ಟ್, ಹೊರಗೆ. ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ಕ್ರಿಕೆಟ್ಟೇ, ಇನ್ನೊಂದು ಅವಕಾಶ ಕೊಡು ಅಂತ ಆತ ಬರೆದುಕೊಂಡಿದ್ದು 2022ರ ಕೊನೆಗೆ. ಆ ಅವಕಾಶ ಕೊಟ್ಟವರಲ್ಲಿ ಒಂದು ವಿದರ್ಭ, ಇನ್ನೊಂದು ಈ ನಾರ್ಥಾಂಪ್ಟನ್. 2023ರ ಸೆಪ್ಟೆಂಬರಿನಲ್ಲಿ ಬರೀ ಮೂರು ಪಂದ್ಯಕ್ಕೆ ಅಂತ ಕರೆಸಿದರು. ತಂಡ ಆಗ ಮೊದಲ ಡಿವಿಷನ್‌ನಿಂದ ಕೆಳಗೆ ಜಾರುತ್ತಿತ್ತು. ಸರ್ರೆ ಚಾಂಪಿಯನ್ ಆಗುವ ಹೊತ್ತು. ಓವಲ್‌ನಲ್ಲಿ ಅದೇ ಸರ್ರೆ ಬೌಲರುಗಳ ಎದುರು ನಿಂತು ಕರುಣ್ 150 ಹೊಡೆದರು. ಮುಂದಿನ ವರ್ಷ ಮತ್ತೆ ಬಂದು ಗ್ಲಾಮೋರ್ಗನ್ ವಿರುದ್ಧ ಇನ್ನೂರು ದಾಟಿದರು. ಈ ವರ್ಷ ಜೂನ್‌ನಲ್ಲಿ, ಎಂಟು ವರ್ಷದ ಮೇಲೆ, ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಅದೇ ಜೂನ್ ತಿಂಗಳು ಭಾರತ 'ಎ' ತಂಡ ವಾಂಟೇಜ್ ರೋಡಿಗೆ ಬಂದಿತ್ತು, ಕೆ.ಎಲ್. ರಾಹುಲ್ 116 ಹೊಡೆದರು. ಅವತ್ತು ಗೋದಾಮಿನಲ್ಲಿ ಎಷ್ಟು ಜನ ಕನ್ನಡದವರಿಗೆ ಒಟ್ಟಿಗೆ ಹೊಟ್ಟೆನೋವು ಬಂತು ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ.

ಬುಧವಾರದ ಪಂದ್ಯದಲ್ಲಿ ಮಾತ್ರ ಭಾರತದವರು ಯಾರೂ ಇರುವುದಿಲ್ಲ. ಯಜುವೇಂದ್ರ ಚಹಲ್ ಹೋದ ವರ್ಷವೂ ಈ ವರ್ಷವೂ ಇಲ್ಲಿಗೆ ಬಂದಿದ್ದಾರೆ, ಆದರೆ ನಮ್ಮ ಕ್ರಿಕೆಟ್ ಮಂಡಳಿ ಈಗಿನ ಪುರುಷ ಆಟಗಾರರನ್ನು ಹೊರದೇಶದ ಟಿ20ಗೆ ಬಿಡೋದಿಲ್ಲ. ಚಾಂಪಿಯನ್‌ಶಿಪ್, ಏಕದಿನ ಪಂದ್ಯ ಆಡಬಹುದು ಅಷ್ಟೇ. ಅದಕ್ಕೇ ನಮ್ಮ ಸಂಘದ ಕೆಲವರು "ನಮ್ಮೋರೇ ಇಲ್ಲದ ಮೇಲೆ ನಮಗೇನು" ಅಂದರು. ನನ್ನ ರೂಮ್‌ಮೇಟ್ ಹುಬ್ಬಳ್ಳಿಯವರು, ನನಗಿಂತ ಆರು ವರ್ಷ ದೊಡ್ಡವರು, ಅವರಂತೂ ನೇರವಾಗಿ ಕೇಳಿದರು:

"ತಮ್ಮಾ, ಸೋಲೋ ಟೀಮ್ ನೋಡಾಕ ಲಂಡನ್ ತನಕಾ ಹೊಂಟೀಯಲ್ಲ, ತಲಿ ಸರಿ ಐತಿಲ್ಲೋ? ಒಂದ್ ಶಿಫ್ಟ್ ಹೋತು, ರೈಲಿನ ರೊಕ್ಕ ಹೋತು, ಟಿಕೆಟ್ ರೊಕ್ಕ ಹೋತು."

"ಅಣ್ಣಾ, ಹದಿನೇಳು ವರ್ಷ ಆರ್‌ಸಿಬಿ ನೋಡಿದ್ದು ಯಾರು?" ಅಂದೆ.

ಅವರು ಉತ್ತರ ಕೊಡಲಿಲ್ಲ. ಟೀ ಲೋಟ ತೊಳೆಯುವುದಕ್ಕೆ ಎದ್ದು ಹೋದರು. ಈ ಸಲ ಕಪ್ ನಮ್ದೇ ಅಂತ ಪ್ರತಿ ಮಾರ್ಚ್‌ನಲ್ಲೂ ಹೇಳಿ, ಮೇ ತಿಂಗಳಲ್ಲಿ ಮುಖ ಮುಚ್ಚಿಕೊಂಡವರು ನಾವು. ಹದಿನೆಂಟನೇ ಸಲ, ಈ ಜೂನ್ 3ಕ್ಕೆ, ನಿಜವಾಯಿತು. ಮಾರನೇ ದಿನ ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ 11 ಜನ ಹೋದರು. ಆ ಸುದ್ದಿ ಬಂದಾಗ ಗೋದಾಮಿನ ಬ್ರೇಕ್ ರೂಮಿನಲ್ಲಿ ಇದ್ದೆವು. ಸಂಭ್ರಮಕ್ಕೆ ಅಂತ ತಂದಿಟ್ಟಿದ್ದ ಮೈಸೂರುಪಾಕಿನ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ. ಹುಬ್ಬಳ್ಳಿ ಅಣ್ಣ ಆ ದಿನದಿಂದ ಕ್ರಿಕೆಟ್ ಮಾತೇ ಕಮ್ಮಿ ಮಾಡಿದ್ದಾರೆ. ಅವರನ್ನು ಓವಲ್‌ಗೆ ಎಳೆದುಕೊಂಡು ಹೋಗಬೇಕು ಅನ್ನುವುದೂ ನನ್ನ ಲೆಕ್ಕದಲ್ಲಿದೆ.

ನಮ್ಮ ಗುಂಪಿನಲ್ಲಿ ಹಾಸನದ ಕಡೆಯ ಅಕ್ಕ ಒಬ್ಬರಿದ್ದಾರೆ, ಕೇರ್ ಹೋಮಿನಲ್ಲಿ ಕೆಲಸ. ಕ್ರಿಕೆಟ್ ಮೈದಾನಕ್ಕೆ ಕಾಲಿಟ್ಟವರಲ್ಲ. ಅವರು ಈ ಸಲ ಬರ್ತೀನಿ ಅಂದಾಗ ಎಲ್ಲರಿಗೂ ಆಶ್ಚರ್ಯ. ಕಾರಣ ಕೇಳಿದರೆ, "ಮುಂದಿನ ಬೇಸಿಗೆಗೆ ಇಲ್ಲಿರ್ತೀನೋ ಇಲ್ವೋ ಯಾರಿಗ್ಗೊತ್ತು ಕಣಪ್ಪ, ಒಂದ್ಸಲ ನೋಡ್ಬಿಡ್ತೀನಿ" ಅಂದರು. ಕೇರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ಸರ್ಕಾರ ಜುಲೈ 22ರಿಂದ ನಿಲ್ಲಿಸಿದೆ. ಇಲ್ಲಿ ನೆಲೆ ನಿಲ್ಲುವ ಅನುಮತಿಗೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕು ಅನ್ನುವ ಪ್ರಸ್ತಾಪ ಮೇ ತಿಂಗಳಿಂದ ತಲೆ ಮೇಲೆ ತೂಗುತ್ತಿದೆ. ಅಕ್ಕನಿಗೆ ಇದು ನಾಲ್ಕನೇ ವರ್ಷ. ಮಗಳು ಊರಿನಲ್ಲಿ ಅಜ್ಜಿ ಹತ್ತಿರ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಮೂರು ಪಂದ್ಯಕ್ಕೆ ಅಂತ ಬಂದು ಇನ್ನೊಂದು ಸೀಸನ್ನಿಗೆ ಕರೆ ಬರುತ್ತಾ ಅಂತ ಕಾಯುವ ಆಟಗಾರನ ಕಥೆ ಹೇಳಿದಾಗ ಅಕ್ಕ ಕೇಳಿದ್ದು ಒಂದೇ: "ಅವ್ನಿಗೂ ಸ್ಪಾನ್ಸರ್ ಬೇಕಾ?" ಬೇಕು ಅಕ್ಕ. ಕೌಂಟಿಯೇ ಸ್ಪಾನ್ಸರ್. "ಹಂಗಾರೆ ಗೆಲ್ಲಲಿ ಬಿಡು" ಅಂದರು.

ಗೆಲ್ಲುತ್ತಾರಾ? ಭಾವನೆ ಪಕ್ಕಕ್ಕಿಟ್ಟು ನೋಡೋಣ. ಸರ್ರೆ ಈ ದೇಶದ ಅತಿ ಶ್ರೀಮಂತ ಕೌಂಟಿ. ಅವರ ಎರಡನೇ ಹನ್ನೊಂದು ಜನ ಕೂಡ ಎಷ್ಟೋ ಕೌಂಟಿಗಳ ಮೊದಲ ತಂಡಕ್ಕೆ ಸಮ. ಆದರೆ ಅದೇ ವಾರ ಇಂಗ್ಲೆಂಡ್–ದಕ್ಷಿಣ ಆಫ್ರಿಕಾ ಏಕದಿನ ಸರಣಿ ಇದೆ, ಜೇಮೀ ಸ್ಮಿತ್ ಥರದವರು ದೇಶದ ಕೆಲಸಕ್ಕೆ ಹೋಗಿರುತ್ತಾರೆ. ಹೊಡೆತ ನಮಗೂ ಇದೆ. ಹೋದ ವರ್ಷ ನಮಗೆ ರನ್ ರಾಶಿ ಹಾಕಿದ ಮ್ಯಾಥ್ಯೂ ಬ್ರೀಟ್ಜ್‌ಕೆ ಈಗ ದಕ್ಷಿಣ ಆಫ್ರಿಕಾದ ಜೊತೆ. ದೊಡ್ಡ ಊರಿನವರಿಗೆ ಒಬ್ಬ ಹೋದರೆ ಇನ್ನೊಬ್ಬ ಇರ್ತಾನೆ, ನಮಗೆ ಒಬ್ಬ ಹೋದರೆ ಆ ಜಾಗ ಖಾಲಿ ಕಾಣುತ್ತೆ.

ನಮ್ಮ ಕಡೆ ಏನಿದೆ ಅಂದರೆ, ಮೊದಲನೆಯದಾಗಿ ಡೇವಿಡ್ ವಿಲ್ಲಿ. ನಾಯಕ. ಈ ಊರಿನಲ್ಲೇ ಹುಟ್ಟಿ, ಯಾರ್ಕ್‌ಷೈರ್‌ಗೆ ಹೋಗಿ, ಮರಳಿ ಬಂದವನು. 2013ರ ಟಿ20 ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತಾ? ಇದೇ ಸರ್ರೆ. ಆವತ್ತು ವಿಲ್ಲಿ 27 ಎಸೆತಕ್ಕೆ 60 ಹೊಡೆದ, ಆಮೇಲೆ 9 ರನ್ನಿಗೆ 4 ವಿಕೆಟ್ ಕಿತ್ತ, ಅದರಲ್ಲಿ ಹ್ಯಾಟ್ರಿಕ್. ಸರ್ರೆ 92ಕ್ಕೆ ಮುಗಿದುಹೋಯಿತು. ಹನ್ನೆರಡು ವರ್ಷ ಆಯಿತು, ವಿಲ್ಲಿಯ ಓಟ ನಿಧಾನವಾಗಿದೆ, ಆದರೆ ಹೊಸ ಚೆಂಡು ಎಡಗೈಯಿಂದ ಒಳಕ್ಕೆ ತಿರುಗುವುದು ನಿಂತಿಲ್ಲ. ಎರಡನೆಯವನು ರವಿ ಬೊಪಾರಾ. ವಯಸ್ಸು ನಲವತ್ತು. ಇಂಗ್ಲೆಂಡಿಗೆ ಆಡಿದವನು, ಎಸೆಕ್ಸ್, ಸಸೆಕ್ಸ್ ಎಲ್ಲ ಮುಗಿಸಿ ಇಲ್ಲಿಗೆ ಬಂದಿದ್ದಾನೆ. ಇವನನ್ನು ನೋಡಿ 'ಇನ್ನೂ ಆಡ್ತಾನಾ' ಅನ್ನುವವರೇ ಜಾಸ್ತಿ. ಆದರೆ ನಾಕೌಟ್‌ನಲ್ಲಿ ಐದು ವಿಕೆಟ್ ಬಿದ್ದ ಮೇಲೆ ಕೈ ನಡುಗದ ಒಬ್ಬ ಬೇಕಾಗುತ್ತೆ, ಅದು ಇವನೇ ಅಂತ ನನ್ನ ಲೆಕ್ಕ. ಮೂರನೆಯವನು ಸೈಫ್ ಝೈಬ್. ಹತ್ತು ವರ್ಷದಿಂದ ಇದೇ ಕೌಂಟಿಯಲ್ಲಿ ಒಳಗೂ ಹೊರಗೂ ಓಡಾಡಿಕೊಂಡಿದ್ದ ಎಡಗೈ ಹುಡುಗ, ಈ ಸಲ ಚಾಂಪಿಯನ್‌ಶಿಪ್‌ನಲ್ಲಿ ಸಾವಿರ ರನ್ ದಾಟಿದ್ದಾನೆ. ಹೊರಗೆ ಕೋಚ್ ಜಾಗದಲ್ಲಿ ಆಸ್ಟ್ರೇಲಿಯಾದ ಡ್ಯಾರೆನ್ ಲೆಹ್ಮನ್, ಸೋಲಿನ ಬಗ್ಗೆ ಗೌರವ ಇಲ್ಲದ ಮನುಷ್ಯ.

ಟಿ20ಯ ಗುಣವೇ ಇದು. ನಾಲ್ಕು ದಿನದ ಪಂದ್ಯದಲ್ಲಿ ದೊಡ್ಡ ತಂಡ ಸೋಲಬೇಕಾದರೆ ಹತ್ತು ಸಲ ಎಡವಬೇಕು. ಇಲ್ಲಿ ಎರಡು ಓವರ್ ಕೆಟ್ಟರೆ ಸಾಕು. ಮಳೆ ಬಂದು ಓವರ್ ಕಮ್ಮಿಯಾದರೆ ಇನ್ನೂ ಒಳ್ಳೆಯದು, ಆಟ ಚಿಕ್ಕದಾದಷ್ಟೂ ಚಿಕ್ಕವರಿಗೆ ಲಾಭ. ಫ್ಲಾಸ್ಕಿನ ಹಿರಿಯರು ಅದಕ್ಕೇ ಮಳೆಗೆ ಪ್ರಾರ್ಥನೆ ಮಾಡುತ್ತಿದ್ದಾರೆ. 1907ರಲ್ಲೂ ಮಳೆಯೇ ಕಾಪಾಡಿದ್ದು ಅಂತ ನೆನಪಿಸಿದರು.

ಓವಲ್ ಬಗ್ಗೆಯೂ ಎರಡು ಮಾತು. ಯೂಸ್ಟನ್‌ನಲ್ಲಿ ಇಳಿದು ನಾರ್ದರ್ನ್ ಲೈನ್ ಟ್ಯೂಬ್ ಹಿಡಿಯಿರಿ, ಬ್ಯಾಂಕ್ ಮೂಲಕ ಮಾರ್ಡನ್ ಕಡೆಗೆ ಹೋಗುವುದು. ಓವಲ್ ಅಂತಲೇ ನಿಲ್ದಾಣ ಇದೆ, ಹೊರಗೆ ಬಂದರೆ ಗೋಡೆ ಕಾಣುತ್ತೆ. ಹಿಂದೆ ಗ್ಯಾಸ್ ತುಂಬುತ್ತಿದ್ದ ಉಕ್ಕಿನ ಚೌಕಟ್ಟುಗಳು ಈಗಲೂ ಮೈದಾನದ ಪಕ್ಕ ನಿಂತಿವೆ. ನಮ್ಮ ವಾಂಟೇಜ್ ರೋಡಿನಂಥ ನಾಲ್ಕು ಮೈದಾನದ ಜನ ಅಲ್ಲಿ ಒಂದೇ ಸಲ ಹಿಡಿಸುತ್ತಾರೆ. ಹೋದ ಕೂಡಲೇ ಎದೆ ಸ್ವಲ್ಪ ಕುಗ್ಗುವುದು ಸಹಜ.

ಕುಗ್ಗಿದರೆ 1971ರ ಆಗಸ್ಟ್ 24 ನೆನೆಸಿಕೊಳ್ಳಿ. ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದು ಇದೇ ಓವಲ್‌ನಲ್ಲಿ. ಗೆಲ್ಲಿಸಿದ್ದು ಮೈಸೂರಿನ ಬಿ.ಎಸ್. ಚಂದ್ರಶೇಖರ್, ಪೋಲಿಯೋ ಬಡಿದು ಸಣಕಲಾದ ಬಲಗೈಯಲ್ಲಿ. 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಗುರಿ ಬೆನ್ನಟ್ಟುವಾಗ ಭದ್ರಾವತಿಯ ವಿಶಿ 33 ಹೊಡೆದು ನಿಂತರು. ಆವತ್ತು ಗಣೇಶ ಚತುರ್ಥಿ. ಲಂಡನ್ನಿನ ಹತ್ತಿರದ ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಅನ್ನುವ ಆನೆಯನ್ನು ನಮ್ಮವರು ಮೈದಾನಕ್ಕೇ ತಂದಿದ್ದರು! ಮೊನ್ನೆ ಆಗಸ್ಟ್ 4ಕ್ಕೆ ಅದೇ ನೆಲದಲ್ಲಿ ಭಾರತ ಆರು ರನ್ನಿನಿಂದ ಗೆದ್ದಾಗ ಸಿರಾಜ್ ಹೆಸರು ಎಲ್ಲ ಕಡೆ ಬಂತು, ಬರಬೇಕಾದ್ದೇ. ಬೆಂಗಳೂರಿನ ಪ್ರಸಿದ್ಧ ಕೃಷ್ಣ ಎರಡು ಇನ್ನಿಂಗ್ಸಿನಲ್ಲೂ ನಾಲ್ಕು ನಾಲ್ಕು ವಿಕೆಟ್ ಕಿತ್ತಿದ್ದನ್ನು ನಾವಾದರೂ ಹೇಳಬೇಡವೇ? ಮೊದಲ ಇನ್ನಿಂಗ್ಸಿನಲ್ಲಿ ಭಾರತದ ಪರ ಅತಿ ಹೆಚ್ಚು ರನ್ ಹೊಡೆದದ್ದು ಕರುಣ್, 57.

ಹೊರಡುವವರಿಗೆ ವಿವರ. ಬುಧವಾರ ಮಧ್ಯಾಹ್ನ ನಾರ್ಥಾಂಪ್ಟನ್ ನಿಲ್ದಾಣದ ಟಿಕೆಟ್ ಕೌಂಟರ್ ಹತ್ತಿರ ಸೇರೋಣ. ಗುಂಪಿನಲ್ಲಿ ಟಿಕೆಟ್ ತೆಗೆದರೆ ಸ್ವಲ್ಪ ಉಳಿಯುತ್ತೆ, ಸೋಮವಾರದೊಳಗೆ ಹೇಳಿ. ಮಿಲ್ಟನ್ ಕೀನ್ಸ್‌ನವರು ಅಲ್ಲೇ ಅದೇ ರೈಲು ಹತ್ತಬಹುದು. ವಾಪಸ್ ಬರುವ ಕೊನೆಯ ರೈಲಿನ ಸಮಯ ಎಲ್ಲರೂ ಫೋನಿನಲ್ಲಿ ನೋಡಿಟ್ಟುಕೊಳ್ಳಿ. ಸೂಪರ್ ಓವರ್ ಬಂದರೆ ಓಡಬೇಕಾಗುತ್ತೆ. ಶಿಫ್ಟ್ ಬದಲಾಯಿಸಿಕೊಂಡವರು ಸೂಪರ್‌ವೈಸರ್ ಹತ್ತಿರ ಬರಹದಲ್ಲಿ ತಗೊಳ್ಳಿ, ಬಾಯಿಮಾತು ನಂಬಬೇಡಿ. ಗಾಜಿನ ಬಾಟಲಿ ತರಬೇಡಿ. ಹಾಸನದ ಅಕ್ಕ ಹತ್ತು ಜನಕ್ಕಾಗುವಷ್ಟು ಚಿತ್ರಾನ್ನ ಮಾಡ್ತೀನಿ ಅಂದಿದ್ದಾರೆ, ಹುಬ್ಬಳ್ಳಿ ಅಣ್ಣ ಬರೋದು ನಿಕ್ಕಿಯಾದರೆ ಹನ್ನೆರಡು ಅಂತ ಲೆಕ್ಕ ಹಿಡಿದಿದ್ದಾರೆ. ಕೊಡೆ ಮರೀಬೇಡಿ.